ತರಬೇತಿ ಬೇರೆ, ಶಿಕ್ಷಣ ಬೇರೆ: ಆಲ್ಬರ್ಟ್ ಜೇ ನಾಕ್ ಎತ್ತಿದ ಪ್ರಶ್ನೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಗಾಗಿ ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ಕೋರ್ಸುಗಳ ಬಗ್ಗೆ ನಾಲ್ಕು ಮಾತು ಹೇಳಪ್ಪಾ ಎಂದು ಸಮಿತಿಯವರು ಕೇಳಿದ್ದರು. ಹೇಳುತ್ತೇನೆ. ಆದರೆ ಅದಕ್ಕೆ ಒಬ್ಬ ಅಮೆರಿಕದ ಲೇಖಕರನ್ನು ಜೊತೆಗೆ ಕರೆದುಕೊಂಡು ಬಂದಿದ್ದೇನೆ. ಅವರು ತೀರಿಕೊಂಡು ಎಂಬತ್ತು ವರ್ಷದ ಹತ್ತಿರವಾಯಿತು. ಕಂಪ್ಯೂಟರನ್ನು ಅವರು ನೋಡಲೇ ಇಲ್ಲ.

ಯಾಕೆ ಅವರು ಎಂದರೆ, ನಮ್ಮ ಮುಂದೆ ಒಂದು ತೀರ್ಮಾನ ಕಾದಿದೆ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣವನ್ನು ಏನು ಮಾಡಬೇಕು? ಕಂಪ್ಯೂಟರ್ ಕೊಠಡಿ ಮಾಡಿ ಕೋಡಿಂಗ್ ತರಗತಿ ನಡೆಸೋಣ ಎನ್ನುವವರಿದ್ದಾರೆ. ಬಾಗಿಲು ಹಾಕಿರುವ ಗ್ರಂಥಾಲಯವನ್ನು ಮತ್ತೆ ತೆರೆಯೋಣ ಎನ್ನುವವರಿದ್ದಾರೆ. ಇದು ಬರೀ ಹಣದ ಲೆಕ್ಕದಂತೆ ಕಾಣುತ್ತದೆ. ಒಳಗೆ ಇರುವ ಪ್ರಶ್ನೆ ದೊಡ್ಡದು: ಶಾಲೆ ಇರುವುದು ಯಾತಕ್ಕೆ? ಈ ಪ್ರಶ್ನೆಯನ್ನು ಬಹಳ ಚೂಪಾಗಿ, ಕೆಲವೊಮ್ಮೆ ಕಟುವಾಗಿ ಕೇಳಿದವರು ಆಲ್ಬರ್ಟ್ ಜೇ ನಾಕ್. ಅವರ ಪ್ರಶ್ನೆಯನ್ನು ನಾನು ಒಪ್ಪುತ್ತೇನೆ. ಅವರು ಕೊಟ್ಟ ಉತ್ತರವನ್ನು ಪೂರ್ತಿ ಒಪ್ಪುವುದಿಲ್ಲ. ಎರಡಕ್ಕೂ ಕಾರಣ ಇದೇ ಶಾಲೆ.

ನಾಕ್ ಹುಟ್ಟಿದ್ದು 1870ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಕ್ರಾಂಟನ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಬಾಲ್ಯ ಕಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಆಮೇಲೆ ಮಿಷಿಗನ್ ರಾಜ್ಯದ ಅಲ್ಪೀನಾ ಎಂಬಲ್ಲಿ. ಅಲ್ಪೀನಾ ಸರೋವರದ ದಂಡೆಯ ಊರು, ಮರ ಕೊಯ್ಯುವವರ ಊರು. ಹುಡುಗನಾಗಿದ್ದಾಗ ಅವರು ಬಹುಕಾಲ ಶಾಲೆಗೇ ಹೋಗಲಿಲ್ಲ. ಮನೆಯಲ್ಲಿದ್ದ ಪುಸ್ತಕಗಳೇ ಶಾಲೆ. ಗೋಡೆಗೆ ಅಂಟಿಸಿದ್ದ ಒಂದು ಪತ್ರಿಕೆಯ ಹಾಳೆ ನೋಡಿ ಅಕ್ಷರ ಕಲಿತದ್ದನ್ನು ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಮುಂದೆ ಓದಿದ್ದು ಸೇಂಟ್ ಸ್ಟೀಫನ್ಸ್ ಎಂಬ ಪುಟ್ಟ ಕಾಲೇಜಿನಲ್ಲಿ. ಇವತ್ತು ಅದರ ಹೆಸರು ಬಾರ್ಡ್ ಕಾಲೇಜು. ಆಗ ಅಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಗ್ರೀಕ್, ಲ್ಯಾಟಿನ್, ಗಣಿತ. ಈ ವಿಷಯ ಬೇಡ, ಆ ವಿಷಯ ಬೇಕು ಎಂದು ಆರಿಸಿಕೊಳ್ಳುವ ಮಾತೇ ಇರಲಿಲ್ಲ.

1897ರಲ್ಲಿ ನಾಕ್ ಕೂಡ ಪಾದ್ರಿಯಾದರು. ಮದುವೆಯಾಯಿತು, ಇಬ್ಬರು ಗಂಡುಮಕ್ಕಳಾದರು. 1909ರಲ್ಲಿ ಚರ್ಚಿನ ಕೆಲಸ ಬಿಟ್ಟರು, ಸಂಸಾರದಿಂದಲೂ ದೂರವಾದರು, ಪತ್ರಿಕೆಯ ಕೆಲಸಕ್ಕೆ ಸೇರಿದರು. ಅವರು ಹಾಗೇಕೆ ಮಾಡಿದರು ಎಂಬುದನ್ನು ಯಾರಿಗೂ ಬಿಚ್ಚಿ ಹೇಳಲಿಲ್ಲ. ತಮ್ಮ ಬಗ್ಗೆ ಮಾತಾಡುವುದು ಅವರಿಗೆ ಆಗದ ಕೆಲಸ. ಅವರು ಎಲ್ಲಿ ವಾಸ ಮಾಡುತ್ತಾರೆಂದು ಕಚೇರಿಯವರಿಗೂ ಗೊತ್ತಿರಲಿಲ್ಲವಂತೆ. ಏನಾದರೂ ಹೇಳಬೇಕಾದರೆ ಸೆಂಟ್ರಲ್ ಪಾರ್ಕಿನ ಒಂದು ಕಲ್ಲಿನ ಕೆಳಗೆ ಚೀಟಿ ಇಡಬೇಕು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು ಎಂಬ ಕಥೆ ಉಳಿದುಕೊಂಡು ಬಂದಿದೆ.

ಮೊದಲನೇ ಮಹಾಯುದ್ಧದ ಕಾಲದಲ್ಲಿ ಅವರು ಯುದ್ಧವನ್ನು ವಿರೋಧಿಸಿದರು. 1918ರಲ್ಲಿ 'ದಿ ನೇಷನ್' ಪತ್ರಿಕೆಯಲ್ಲಿ ಅವರು ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಅವರನ್ನು ಟೀಕಿಸಿ ಬರೆದರು. ಅಷ್ಟಕ್ಕೇ ಸರ್ಕಾರ ಆ ಸಂಚಿಕೆಯನ್ನು ಅಂಚೆಯಲ್ಲಿ ಹೋಗದಂತೆ ತಡೆಯಿತು. ಅಧಿಕಾರ ಅಂದರೆ ಏನು ಎಂಬುದು ಅವರಿಗೆ ಬರೀ ಪುಸ್ತಕದಿಂದ ಗೊತ್ತಾದದ್ದಲ್ಲ. 1920ರಿಂದ 1924ರವರೆಗೆ ಅವರು ನ್ಯೂಯಾರ್ಕಿನಲ್ಲಿ 'ದಿ ಫ್ರೀಮನ್' ಎಂಬ ವಾರಪತ್ರಿಕೆಯ ಸಂಪಾದಕರಾಗಿದ್ದರು. ಬರೆಯುವವರು ಯಾವ ಪಕ್ಷದವರು ಎಂದು ಅವರು ಕೇಳುತ್ತಿರಲಿಲ್ಲ. ಹೇಳುವುದಕ್ಕೆ ಒಂದು ವಿಷಯ ಇರಬೇಕು, ಅದನ್ನು ಓದುಗರಿಗೆ ಒಪ್ಪುವಂತೆ ನಿರೂಪಿಸಬೇಕು, ಭಾಷೆ ಬಹಳ ಚೆನ್ನಾಗಿರಬೇಕು. ಅವರು ಕೇಳುತ್ತಿದ್ದದ್ದು ಈ ಮೂರೇ. ನಮ್ಮ ಕನ್ನಡ ಮೇಷ್ಟ್ರು ಪ್ರಬಂಧ ತಿದ್ದುವಾಗ ಕೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇವೇ ಮೂರು.

ಆಮೇಲೆ ಅವರು ಅಧ್ಯಕ್ಷ ಜೆಫರ್ಸನ್ ಬಗ್ಗೆ 1926ರಲ್ಲಿ ಒಂದು ಪುಸ್ತಕ ಬರೆದರು. 1935ರಲ್ಲಿ 'ನಮ್ಮ ವೈರಿ, ಪ್ರಭುತ್ವ' ಎಂಬ ಅರ್ಥದ ಹೆಸರಿನ ಪುಸ್ತಕ, 1943ರಲ್ಲಿ 'ಬೇಡದ ಮನುಷ್ಯನೊಬ್ಬನ ನೆನಪುಗಳು' ಎಂಬ ಅರ್ಥದ ಹೆಸರಿನ ಆತ್ಮಕಥೆ ಬಂದವು. 1945ರಲ್ಲಿ ತೀರಿಕೊಂಡರು. ಇವತ್ತು ಲಿಬರ್ಟೇರಿಯನ್ ಎಂದು ಕರೆಯುವ ಪಂಥದ, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವೇ ಮೊದಲು, ಸರ್ಕಾರದ ಕೈ ಆದಷ್ಟು ಚಿಕ್ಕದಿರಲಿ ಎನ್ನುವವರ ಮೊದಮೊದಲ ಲೇಖಕರಲ್ಲಿ ಅವರು ಒಬ್ಬರು.

ಈಗ ಶಾಲೆಯ ವಿಷಯಕ್ಕೆ ಬರೋಣ. 1931ರಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ನಾಕ್ ಶಿಕ್ಷಣದ ಬಗ್ಗೆ ಸರಣಿ ಉಪನ್ಯಾಸ ಕೊಟ್ಟರು. ಮರುವರ್ಷ ಅದು ಪುಸ್ತಕವಾಯಿತು. ಅದರ ನಡುಗಂಬ ಒಂದೇ ಮಾತು: ತರಬೇತಿ ಬೇರೆ, ಶಿಕ್ಷಣ ಬೇರೆ. ತರಬೇತಿ ಒಂದು ಕೆಲಸಕ್ಕೆ ಸಿದ್ಧ ಮಾಡುತ್ತದೆ. ದಂತವೈದ್ಯರಿಗೆ ತರಬೇತಿ ಬೇಕು, ಎಂಜಿನಿಯರಿಗೆ ಬೇಕು, ಬಡಗಿಗೆ ಬೇಕು. ಅದು ಗೌರವದ ವಿಷಯವೇ. ಆದರೆ ಶಿಕ್ಷಣ ಎಂದರೆ ಮನಸ್ಸನ್ನು ಹದ ಮಾಡುವುದು. ಕಣ್ಣ ಮುಂದೆ ಇರುವುದನ್ನು ಇದ್ದ ಹಾಗೆ ನೋಡುವುದು, ತನ್ನ ಇಷ್ಟಾನಿಷ್ಟ ಪಕ್ಕಕ್ಕಿಟ್ಟು ತೂಗುವುದು, ಹಿಂದಿನವರು ಏನು ಯೋಚಿಸಿದ್ದರು ಎಂಬುದರ ಜೊತೆಗೆ ಇವತ್ತಿನದನ್ನು ಹೋಲಿಸುವುದು. ಅಮೆರಿಕದ ಶಾಲಾ ಕಾಲೇಜುಗಳು ತರಬೇತಿ ಕೊಟ್ಟು ಅದಕ್ಕೇ ಶಿಕ್ಷಣ ಎಂದು ಹೆಸರಿಡುತ್ತಿವೆ ಎಂಬುದು ಅವರ ದೂರು.

ನಾನು ಹೊಟ್ಟೆ ಹೊರೆಯುತ್ತಿರುವುದೇ ತರಬೇತಿಯಿಂದ. ಆದ್ದರಿಂದ ನನ್ನ ಕಸುಬಿನಿಂದಲೇ ಈ ಮಾತನ್ನು ಪರೀಕ್ಷೆ ಮಾಡುತ್ತೇನೆ. ಬಿ.ಇ.ಯಲ್ಲಿ ನಾನು ಕಲಿತ ಉಪಕರಣಗಳಲ್ಲಿ ಅನೇಕವನ್ನು ಈಗ ನಮ್ಮ ಕಚೇರಿಯಲ್ಲಿ ಯಾರೂ ಮುಟ್ಟುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದರಲ್ಲೂ ಎಷ್ಟೋ ಹಳತಾಯಿತು. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಹೇಳಿದರೆ ಅದೇ ಕೋಡ್ ಬರೆದುಕೊಡುತ್ತದೆ. ಹಾಗಾದರೆ ನಮ್ಮಂಥವರಿಗೆ ಉಳಿದ ಕೆಲಸ ಏನು? ಅದು ಬರೆದದ್ದನ್ನು ಓದುವುದು. ಇದು ಸರಿಯೇ, ಎಲ್ಲಿ ಮುರಿಯುತ್ತದೆ, ಕೇಳಿದ್ದು ಒಂದು ಕೊಟ್ಟದ್ದು ಇನ್ನೊಂದು ಆಗಿದೆಯೇ ಎಂದು ಪತ್ತೆ ಮಾಡುವುದು. ಆಮೇಲೆ ಅದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳುವುದು.

ಇದನ್ನು ನಾನು ಯಾವ ಕೋರ್ಸಿನಲ್ಲೂ ದುಡ್ಡು ಕೊಟ್ಟು ಕಲಿಯಲಿಲ್ಲ. ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಪ್ರಮೇಯ ಬರೆಸುವಾಗ ಪ್ರತಿ ಸಾಲಿಗೂ 'ಯಾಕೆ?' ಎಂದು ಕೇಳುತ್ತಿದ್ದರು. ಉತ್ತರ ಸರಿ ಬಂದರೂ ಕಾರಣ ಹೇಳದಿದ್ದರೆ ಬಿಡುತ್ತಿರಲಿಲ್ಲ. ಕನ್ನಡ ಮೇಷ್ಟ್ರು ಸಮಾಸ ಬಿಡಿಸಲು ಕೊಡುತ್ತಿದ್ದರು, ಎರಡು ಪುಟದ ಪಾಠವನ್ನು ಹತ್ತು ಸಾಲಿಗೆ ಇಳಿಸಲು ಹೇಳುತ್ತಿದ್ದರು. ಇತಿಹಾಸದ ಮೇಡಂ ಇಸವಿ ಕೇಳಿದ ಮೇಲೆ 'ಆಗ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ?' ಎಂದು ಕೇಳುತ್ತಿದ್ದರು. ಇಪ್ಪತ್ತು ವರ್ಷದ ಹತ್ತಿರವಾಯಿತು, ಇವು ಮಾತ್ರ ಹಳತಾಗಿಲ್ಲ. ಆಗಿನ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದು ಇವತ್ತು ಯಾರಾದರೂ ಮರುಕಪಟ್ಟರೆ ನಾನು ಈ ಮೂವರನ್ನು ನೆನೆಸಿಕೊಳ್ಳುತ್ತೇನೆ.

ನಾಕ್ ಹೇಳಿದ ಇನ್ನೊಂದು ಮಾತು ಮೊಬೈಲ್ ಇರುವ ಎಲ್ಲರಿಗೂ ತಾಗುತ್ತದೆ. ಜನರಿಗೆಲ್ಲ ಓದು ಬಂದುಬಿಟ್ಟರೆ ದೇಶ ತಾನಾಗಿ ಸರಿಹೋಗುತ್ತದೆ ಎಂದು ಅಮೆರಿಕದವರು ನಂಬಿದ್ದರು. ನಾಕ್ ಅದನ್ನು ಒಪ್ಪಲಿಲ್ಲ. ಅಕ್ಷರ ಗುರುತಿಸುವುದು ಒಂದು, ಓದಿದ್ದನ್ನು ಜರಡಿ ಹಿಡಿಯುವುದು ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಇದ್ದರೆ ಜನರನ್ನು ಮರುಳು ಮಾಡುವುದು ಇನ್ನೂ ಸುಲಭ ಎಂದರು. ವಾಟ್ಸಾಪಿನಲ್ಲಿ ಬಂದದ್ದನ್ನು ಹಿಂದೆಮುಂದೆ ನೋಡದೆ ಹತ್ತು ಗುಂಪಿಗೆ ದಾಟಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ನಾನು ನಾಕ್ ಜೊತೆಗೆ ನಡೆದೆ. ಇಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ.

ಶಿಕ್ಷಣ ಎನ್ನುವುದನ್ನು ಪಡೆಯುವ ಶಕ್ತಿ ಕೆಲವೇ ಕೆಲವರಿಗೆ ಹುಟ್ಟಿನಿಂದ ಇರುತ್ತದೆ, ಉಳಿದವರಿಗೆ ತರಬೇತಿ ಸಾಕು ಎಂದು ನಾಕ್ ನಂಬಿದ್ದರು. ಜೆಫರ್ಸನ್ ಹಿಂದೆ ವರ್ಜೀನಿಯಕ್ಕೆ ಒಂದು ಯೋಜನೆ ಹಾಕಿದ್ದರು. ಎಲ್ಲ ಮಕ್ಕಳಿಗೂ ಮೂರು ವರ್ಷ ಉಚಿತ ಓದು. ಆಮೇಲೆ ಬಡವರ ಮಕ್ಕಳಲ್ಲಿ ಬಹಳ ಚುರುಕಾದ ಕೆಲವೇ ಹುಡುಗರನ್ನು ಆರಿಸಿ ಮುಂದೆ ಓದಿಸುವುದು, ವರ್ಷ ವರ್ಷವೂ ಸೋಸುತ್ತಾ ಹೋಗುವುದು. ನಾಕ್‌ಗೆ ಇದು ಬಹಳ ಹಿಡಿಸಿತು. ಮುಂದೆ ರಾಲ್ಫ್ ಆಡಮ್ಸ್ ಕ್ರ್ಯಾಮ್ ಎಂಬ ವಾಸ್ತುಶಿಲ್ಪಿಯ ಪ್ರಬಂಧ ಓದಿದ ಮೇಲೆ ಅವರ ನೋಟ ಇನ್ನೂ ಕಹಿಯಾಯಿತು. ಬಹುಪಾಲು ಜನ ಪೂರ್ತಿ ಅರ್ಥದಲ್ಲಿ ಮನುಷ್ಯರೇ ಅಲ್ಲ ಎನ್ನುವ ಮಟ್ಟಕ್ಕೆ ಹೋದರು. 1941ರಲ್ಲಿ ಯಹೂದ್ಯರ ಬಗ್ಗೆ ಅವರು ಬರೆದ ಲೇಖನಗಳಿಗೆ ಜನ ಆಗಲೇ ಛೀಮಾರಿ ಹಾಕಿದರು. ಅದು ನ್ಯಾಯವೇ ಆಗಿತ್ತು. ಒಬ್ಬ ಲೇಖಕರ ಒಳ್ಳೆಯ ಮಾತನ್ನು ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಈ ವಿಷಯದಲ್ಲಿ ನಾಕ್ ಅವರಿಗೆ ಉತ್ತರ ಕೊಡಲು ನನಗೆ ಪುಸ್ತಕ ಬೇಕಿಲ್ಲ. ಈ ಶಾಮಿಯಾನದ ಕೆಳಗೆ ಕೂತವರನ್ನು ನೋಡಿದರೆ ಸಾಕು. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದವರು. ಎಂಟನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಬಾಯಿ ಬಿಡದಿದ್ದವಳು ಇವತ್ತು ಇನ್ನೊಂದು ತಾಲ್ಲೂಕಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಳೆ. ಎರಡು ಸಲ ಫೇಲಾದವನು ಊರಲ್ಲೇ ಬೇಸಾಯ ಮಾಡುತ್ತಾ, ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾನೆ, ಕಾಗದ ಓದಿ ತಪ್ಪು ತೋರಿಸುತ್ತಾನೆ. ನಾಕ್ ಹೇಳಿದ ಅರ್ಥದಲ್ಲಿ ಅವನೇ ಸುಶಿಕ್ಷಿತ. ಮೂರನೇ ವರ್ಷಕ್ಕೇ ಸೋಸಿಬಿಟ್ಟಿದ್ದರೆ ಇವರಿಬ್ಬರೂ ಜರಡಿಯ ಕೆಳಗೆ ಬಿದ್ದು ಹೋಗುತ್ತಿದ್ದರು. ಯಾವ ಬೀಜ ಯಾವಾಗ ಮೊಳೆಯುತ್ತದೆ ಎಂದು ಬಿತ್ತುವ ದಿನವೇ ಹೇಳಲು ಯಾವ ರೈತನಿಂದಲೂ ಆಗುವುದಿಲ್ಲ.

ಇನ್ನು ಪ್ರಭುತ್ವದ ಬಗ್ಗೆ ಅವರು ಹೇಳಿದ್ದು. ನಾಕ್ ಪ್ರಕಾರ ಸಮಾಜದಲ್ಲಿ ಎರಡು ಶಕ್ತಿ. ಒಂದು ಜನರೇ ಸೇರಿ ಮಾಡುವ ಶಕ್ತಿ, ಇನ್ನೊಂದು ಪ್ರಭುತ್ವದ ಶಕ್ತಿ. ಎರಡನೆಯದು ಹೆಚ್ಚಾದಷ್ಟೂ ಮೊದಲನೆಯದು ಸವೆಯುತ್ತದೆ. ಇದಕ್ಕೆ ಅವರು ಕೊಡುವ ಉದಾಹರಣೆ ಜಾನ್ಸ್‌ಟೌನ್ ಪ್ರವಾಹ. 1889ರ ಮೇ 31ರಂದು ಪೆನ್ಸಿಲ್ವೇನಿಯದಲ್ಲಿ ಒಂದು ಅಣೆಕಟ್ಟೆ ಒಡೆದು 2,200ಕ್ಕೂ ಹೆಚ್ಚು ಜನ ಸತ್ತರು. ಆಗ ದೇಶದ ಮೂಲೆಮೂಲೆಯಿಂದ ಜನ ತಾವಾಗಿ ನೆರವು ಕಳಿಸಿದರು. ಅದೇ ಜನ 1930ರ ದಶಕದ ಹೊತ್ತಿಗೆ, ಏನಾದರೂ ಆದರೆ ಸರ್ಕಾರ ನೋಡಿಕೊಳ್ಳಲಿ ಎನ್ನುವಂತಾದರು ಎಂದು ಅವರು ಬೇಸರಪಟ್ಟರು. ಬೀದಿಯಲ್ಲಿ ಭಿಕ್ಷೆ ಕೇಳಿದವನಿಗೆ ಕಾಸು ಕೊಡಲು ಹೋದ ಕೈ ಕೂಡ, ತೆರಿಗೆ ಕಟ್ಟಿದ್ದೇನಲ್ಲ, ಸರ್ಕಾರವನ್ನೇ ಕೇಳು ಎಂದು ಹಿಂದೆ ಸರಿಯುತ್ತದೆ ಎಂದರು.

ನಮ್ಮ ಶಾಲೆಯ ಹುಟ್ಟು ನೆನಪಿರುವ ಹಿರಿಯರಿಗೆ ಇದು ಅರ್ಥವಾಗುತ್ತದೆ. ಐವತ್ತು ವರ್ಷದ ಹಿಂದೆ ಊರಿನವರು ಜಾಗ ಬಿಟ್ಟುಕೊಟ್ಟರು, ಎತ್ತಿನ ಗಾಡಿಯಲ್ಲಿ ಕಲ್ಲು ಹೊಡೆದರು, ಕೊಠಡಿ ಏಳುವವರೆಗೆ ದೇವಸ್ಥಾನದ ಜಗಲಿಯಲ್ಲೇ ಪಾಠ ನಡೆಯಿತು ಎಂದು ನಾವೆಲ್ಲ ಕೇಳುತ್ತಾ ಬೆಳೆದಿದ್ದೇವೆ. ಇವತ್ತು ಕಾಂಪೌಂಡಿನ ಎರಡು ಕಲ್ಲು ಬಿದ್ದರೆ, ಅರ್ಜಿ ಕೊಟ್ಟಿದ್ದೇವೆ, ಮಂಜೂರಾಗಬೇಕು ಎಂದು ಕಾಯುತ್ತೇವೆ. ನಾಕ್ ಇದ್ದಿದ್ದರೆ, ನೋಡಿ, ನಾನು ಹೇಳಲಿಲ್ಲವೇ ಎನ್ನುತ್ತಿದ್ದರು.

ಆದರೆ ನಾನು ಅವರಿಗೆ ಇನ್ನೊಂದು ಮಾತು ಹೇಳುತ್ತಿದ್ದೆ. ಜಗಲಿಯಲ್ಲಿ ಪಾಠ ನಡೆದಾಗ ಊರಿನ ಎಲ್ಲ ಕೇರಿಯ ಮಕ್ಕಳೂ ಅದೇ ಜಗಲಿಯ ಮೇಲೆ ಕೂತಿದ್ದರೇ? ಹಿರಿಯರು ಇದನ್ನೂ ನಮಗೆ ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. ಕೆಲವರು ಕೆಳಗೆ ನಿಂತಿದ್ದರು. ಅವರನ್ನು ಒಂದೇ ಬೆಂಚಿಗೆ ಕರೆತಂದದ್ದು ಸರ್ಕಾರಿ ಕಟ್ಟಡ, ಸರ್ಕಾರದ ಕಾನೂನು, ಸರ್ಕಾರದ ಹಾಸ್ಟೆಲು ಮತ್ತು ವಿದ್ಯಾರ್ಥಿವೇತನ. ಬಿಸಿಯೂಟ ಬಂದ ಮೇಲೆ ಮಧ್ಯಾಹ್ನ ಹಸಿದು ಮನೆಗೆ ಹೋಗುವವರು ಇಲ್ಲವಾದರು. ಸೈಕಲ್ ಬಂದ ಮೇಲೆ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಏಳನೇ ತರಗತಿಗೇ ನಿಲ್ಲಲಿಲ್ಲ. ಊರಿನ ಶಕ್ತಿ ಎನ್ನುವಾಗ ಆ ಊರು ಯಾರದು ಎಂಬ ಪ್ರಶ್ನೆಯನ್ನು ನಾಕ್ ಕೇಳಿಕೊಳ್ಳಲಿಲ್ಲ. ನಾವು ಕೇಳಿಕೊಳ್ಳಲೇಬೇಕು. ಸರ್ಕಾರ ಬಾಗಿಲು ತೆರೆಯಿತು. ಬಾಗಿಲ ಒಳಗೆ ದೀಪ ಉರಿಯುತ್ತಿದೆಯೇ ಎಂದು ನೋಡಿಕೊಳ್ಳುವುದು ಊರಿನ ಕೆಲಸ. ಎರಡರಲ್ಲಿ ಯಾವುದು ಕೈಬಿಟ್ಟರೂ ಶಾಲೆ ನಡೆಯುವುದಿಲ್ಲ.

ಗುರುಗಳಿಗಾಗಿ ನಾಕ್ ಬರೆದ ಇನ್ನೊಂದು ಲೇಖನದ ಬಗ್ಗೆ ಹೇಳಬೇಕು. ಶಿಕ್ಷಕರಿಗೆಂದು ಅವರು ಬರೆದದ್ದಲ್ಲ, ಆದರೆ ನನಗೆ ಹಾಗೆ ಕೇಳಿಸುತ್ತದೆ. 1936ರಲ್ಲಿ ಬಂದ ಆ ಲೇಖನದ ಹೆಸರು 'ಯೆಶಾಯನ ಕೆಲಸ'. ಯೆಶಾಯ ಬೈಬಲ್ಲಿನ ಒಬ್ಬ ಪ್ರವಾದಿ. ಹೋಗಿ ಜನರಿಗೆ ಹೇಳು, ಆದರೆ ಯಾರೂ ಕೇಳುವುದಿಲ್ಲ ಎಂದು ದೇವರು ಅವನಿಗೆ ಮೊದಲೇ ತಿಳಿಸುತ್ತಾನೆ. ಕೇಳದಿದ್ದ ಮೇಲೆ ಹೇಳುವುದು ಯಾಕೆ? ಅಲ್ಲಲ್ಲಿ ಚದುರಿದ ಕೆಲವರು ಇದ್ದಾರೆ, ಅವರು ಯಾರೆಂದು ನಿನಗೆ ಗೊತ್ತಾಗುವುದಿಲ್ಲ, ಅವರಿಗಾಗಿ ಹೇಳು. ಎಷ್ಟು ಮಂದಿ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಲೆಕ್ಕ ನಿನಗೆ ಸಿಗುವುದಿಲ್ಲ. ಅವರು ಇದ್ದಾರೆ, ನಿನ್ನನ್ನು ತಾವಾಗಿ ಹುಡುಕಿಕೊಳ್ಳುತ್ತಾರೆ ಎಂಬ ಎರಡು ಸಂಗತಿ ಮಾತ್ರ ಖಚಿತ. ಅದಕ್ಕಾಗಿ ಮಾತನ್ನು ತೆಳು ಮಾಡಬೇಡ ಎಂಬುದು ಲೇಖನದ ಸಾರ.

ನಾಕ್ ಇದನ್ನು ಕೆಲವೇ ಆಯ್ದ ಜನರ ಬಗ್ಗೆ ಹೇಳಿದರು. ನಾನು ಅದನ್ನು ಒಂದು ತರಗತಿಗೆ ಅನ್ವಯಿಸುತ್ತೇನೆ. ನಲವತ್ತು ಮಕ್ಕಳ ಮುಂದೆ ನಿಂತ ಮೇಷ್ಟ್ರಿಗೆ ಅವತ್ತಿನ ಮಾತು ಯಾರ ಎದೆಗೆ ಇಳಿಯಿತು ಎಂದು ತಿಳಿಯುವುದಿಲ್ಲ. ಕಿಟಕಿ ಕಡೆ ನೋಡುತ್ತಿದ್ದವನಿಗೇ ಇಳಿದಿರಬಹುದು. ಫಲಿತಾಂಶದ ಶೇಕಡಾವಾರು ಪಟ್ಟಿಯಲ್ಲಿ ಅದು ಬರುವುದಿಲ್ಲ. ಗುರುಗಳೇ, ನೀವು ನಮಗಾಗಿ ಮಾತನ್ನು ತೆಳು ಮಾಡಲಿಲ್ಲ. ಹಳ್ಳಿ ಮಕ್ಕಳು, ಇವರಿಗೆ ಇಷ್ಟು ಸಾಕು ಎಂದುಕೊಳ್ಳಲಿಲ್ಲ. ಐವತ್ತು ವರ್ಷದ ಹಬ್ಬ ಇದಕ್ಕೇ.

ಕೊನೆಯದಾಗಿ ನಿಧಿಯ ವಿಷಯ. ಕಂಪ್ಯೂಟರ್ ಬೇಡ ಎಂದು ಸಾಫ್ಟ್‌ವೇರಿನವನು ಹೇಳಿದರೆ ನಗುತ್ತೀರಿ. ನಾನು ಹಾಗೆ ಹೇಳುತ್ತಿಲ್ಲ. ಮಕ್ಕಳಿಗೆ ಅದರ ಬಳಕೆ ಗೊತ್ತಿರಬೇಕು. ಖಾಸಗಿ ಇಂಗ್ಲಿಷ್ ಶಾಲೆಗೆ ವ್ಯಾನ್ ಹತ್ತುವ ಮಕ್ಕಳ ಸಂಖ್ಯೆ ಹೆಚ್ಚುತ್ತಿದೆ, ನಮ್ಮ ಶಾಲೆಯ ಹಾಜರಿ ಇಳಿಯುತ್ತಿದೆ, ಅದಕ್ಕೆ ಏನಾದರೂ ತೋರಿಸಬೇಕು ಎಂಬ ಆತಂಕವೂ ನನಗೆ ಅರ್ಥವಾಗುತ್ತದೆ. ಆದರೆ ಇಂದು ಕೊಂಡ ಕಂಪ್ಯೂಟರ್ ಏಳೆಂಟು ವರ್ಷಕ್ಕೆ ಮೂಲೆ ಸೇರುತ್ತದೆ. ಹೇಳಿಕೊಡುವವರಿಲ್ಲದಿದ್ದರೆ ಮರುವರ್ಷವೇ ಸೇರುತ್ತದೆ. ಆದ್ದರಿಂದ ನನ್ನ ಕೋರಿಕೆ ಮೂರು.

ಒಂದು, ನಿಧಿಯ ಅರ್ಧವನ್ನು ಗ್ರಂಥಾಲಯಕ್ಕೆ ಇಡೋಣ. ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದಂತೆ, ಸಂಜೆ ಎರಡು ಗಂಟೆ ಬಾಗಿಲು ತೆರೆಯುವವರೊಬ್ಬರಿಗೆ ಸಣ್ಣ ಸಂಬಳವೂ ಅದರಲ್ಲಿರಲಿ. ಎರಡು, ಹೊರಗಿರುವ ನಾವು ಹಳೆಯ ವಿದ್ಯಾರ್ಥಿಗಳು ದುಡ್ಡಿನ ಜೊತೆಗೆ ಹೊತ್ತನ್ನೂ ಕೊಡೋಣ. ತಿಂಗಳಿಗೆ ಒಂದು ಶನಿವಾರ ಒಬ್ಬೊಬ್ಬರು ಬಂದು ಮಕ್ಕಳ ಜೊತೆ ಕೂತು ಒಂದು ಪುಸ್ತಕ ಓದಿ ಮಾತಾಡಬೇಕು. ಮೊದಲ ಶನಿವಾರ ನಾನು ಬರುತ್ತೇನೆ. ಮೂರು, ಆ ಓದುವ ಕೋಣೆಗೆ ಎಲ್ಲ ಕೇರಿಯ ಮಕ್ಕಳೂ, ಶಾಲೆ ಬಿಟ್ಟವರೂ, ಬಯಸಿದರೆ ಅವರ ತಾಯಂದಿರೂ ಬರುವಂತಿರಲಿ. ಇದಕ್ಕೆ ಯಾವ ಮಂಜೂರಾತಿಯೂ ಬೇಕಾಗಿಲ್ಲ. ಗಾಡಿಯಲ್ಲಿ ಕಲ್ಲು ಹೊಡೆದವರ ಮಕ್ಕಳು ಮೊಮ್ಮಕ್ಕಳು ನಾವು, ಇಷ್ಟನ್ನು ನಾವೇ ಮಾಡಬಹುದು.

ಕಲಿಯುವ ಶಕ್ತಿ ಕೆಲವರಿಗೇ ಇರುತ್ತದೆ ಎಂದು ನಾಕ್ ಬರೆದಿಟ್ಟು ಹೋದರು. ಅದು ತಪ್ಪು ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಈ ಶಾಲೆಯ ಗಂಟೆ ಹೊಡೆದಾಗ ನಾವು ಹೇಳುತ್ತಾ ಬಂದಿದ್ದೇವೆ. ಇನ್ನೂ ಐವತ್ತು ವರ್ಷ ಹೇಳೋಣ.